ಮಾವ ಊರಿಗೆ ಹೋದಾಗ ಅವರ ಮನೆಯನ್ನು ಖಾಲಿ ಮಾಡಿಸಬಹುದೇ?

ಮುಲುಂಡಿನ ಹಳೆಯ ಕಟ್ಟಡದಲ್ಲಿ ಒಂಟಿಯಾಗಿರುವ ನಿಮ್ಮ ಸೋದರಮಾವನ ಮನೆಯಲ್ಲಿ ಕಾಲಿಡಲು ಜಾಗವಿಲ್ಲ, ಕಟ್ಟಡ ರೀಡೆವಲಪ್‌ಮೆಂಟಿಗೆ, ಅಂದರೆ ಕೆಡವಿ ಹೊಸದಾಗಿ ಕಟ್ಟಲು ಹೋಗಲಿದೆ, ಅವರು ಊರಿಗೆ ಹೋದ ವಾರದಲ್ಲಿ ಎಲ್ಲವನ್ನೂ ತೆಗೆಸಿಬಿಡಬಹುದೇ ಎಂದು ಕೇಳಿದ್ದೀರಿ. ಮುಂಬಯಿಯಲ್ಲಿ ಇಂಥ ಮನೆಗಳನ್ನು ಓರಣಗೊಳಿಸುವುದೇ ನನ್ನ ವೃತ್ತಿ. ದಯವಿಟ್ಟು ಹಾಗೆ ಮಾಡಿಸಬೇಡಿ. ಮನೆಯವರಿಲ್ಲದಾಗ ಖಾಲಿ ಮಾಡುವ ಕೆಲಸವನ್ನು ನಾನಂತೂ ಒಪ್ಪಿಕೊಳ್ಳುವುದಿಲ್ಲ.

ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ಎರಡು ತಲೆಮಾರಿನ ಸಾಮಾನು ತುಂಬಿರುವುದು ಈ ನಗರದಲ್ಲಿ ವಿಶೇಷವೇನಲ್ಲ. ಮಂಚದ ಮೇಲೆ ಮಲಗಲು, ಒಲೆ ಹಚ್ಚಲು, ಬಚ್ಚಲನ್ನು ಬಳಸಲು ಆಗುತ್ತಿದೆಯೇ ಎಂಬುದನ್ನು ನೋಡಬೇಕು. ಆಗುತ್ತಿಲ್ಲವಾದರೆ, ಯಾವುದನ್ನಾದರೂ ಬಿಸಾಡುವ ಮಾತೆತ್ತಿದೊಡನೆ ಅವರಿಗೆ ನಿಜವಾದ ಸಂಕಟವಾಗುತ್ತಿದ್ದರೆ, ಅದು ಸೋಮಾರಿತನವಲ್ಲ. ಹಿಂದೆ ಇದನ್ನು ಗೀಳುರೋಗದ ಒಂದು ಲಕ್ಷಣವೆಂದು ಎಣಿಸುತ್ತಿದ್ದರು; 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಇದನ್ನು ಹೋರ್ಡಿಂಗ್ ಡಿಸಾರ್ಡರ್ ಎಂಬ ಪ್ರತ್ಯೇಕ ಕಾಯಿಲೆಯಾಗಿ ಪಟ್ಟಿ ಮಾಡಿತು, 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿಯೂ ಇದಕ್ಕೆ ಬೇರೆಯದೇ ಸ್ಥಾನವಿದೆ. ಸಾಮಾನ್ಯವಾಗಿ ಇದು ಹರೆಯದಲ್ಲಿಯೇ ಮೊಳೆತು ವಯಸ್ಸಿನೊಂದಿಗೆ ಬಲಿಯುತ್ತದೆ. ಆದ್ದರಿಂದ, ಜೀವನಪೂರ್ತಿ ಅಚ್ಚುಕಟ್ಟಾಗಿದ್ದವರು ಇಳಿವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ವಸ್ತುಗಳನ್ನು ಕೂಡಿಡತೊಡಗಿದ್ದರೆ, ನನ್ನಂಥವರಿಗಿಂತ ಮೊದಲು ವೈದ್ಯರ ಬಳಿಗೆ ಹೋಗಬೇಕು. ಅದು ಮರೆವಿನ ಕಾಯಿಲೆಯ ಆರಂಭವೂ ಆಗಿರಬಹುದು.

ಸಾಮಾನು ಹೊರಗೆ ಹೋದರೂ, ಅದನ್ನು ಬಿಡಲಾಗದ ಮನಸ್ಸು ಹಾಗೆಯೇ ಉಳಿಯುತ್ತದೆ. ‘ಮುಂದೆ ಬೇಕಾದೀತು’, ‘ಇದು ತೀರಿಹೋದವಳು ಬಳಸುತ್ತಿದ್ದದ್ದು’, ‘ಒಳ್ಳೆಯ ವಸ್ತುವನ್ನು ಹಾಳು ಮಾಡುವುದು ಪಾಪ’ ಎಂಬ ಮೂರು ಮಾತುಗಳನ್ನು ನಾನು ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲಿಯೂ ಕೇಳಿದ್ದೇನೆ, ಮೂರನೆಯದನ್ನು ನಮ್ಮ ಹಿರಿಯರೇ ನಮಗೆ ಕಲಿಸಿದ್ದಾರೆ. ಇವುಗಳಿಗೆ ಉತ್ತರ ಸಿಗದೆ ಮನೆ ಬರಿದಾದರೆ ಅದು ಮತ್ತೆ ತುಂಬುತ್ತದೆ. ಈ ಸಲ ಅವರು ನಿಮಗೆ ಬಾಗಿಲನ್ನೂ ತೆರೆಯುವುದಿಲ್ಲ.

ಇನ್ನೊಂದು ಲೌಕಿಕ ಕಾರಣವೂ ಉಂಟು. ಮುಂಬಯಿಯ ಆಫೀಸುಗಳಲ್ಲಿ ದುಡಿದ ಆ ತಲೆಮಾರಿನ ಅನೇಕರು ಶೇರುಗಳನ್ನು ಕಾಗದದ ರೂಪದಲ್ಲಿಯೇ ಕೊಂಡವರು. 2019ರ ಏಪ್ರಿಲ್ 1ರಿಂದ, ವಾರಸುದಾರಿಕೆಯಂಥ ಪ್ರಸಂಗಗಳನ್ನು ಬಿಟ್ಟರೆ, ಅವನ್ನು ಡಿಮ್ಯಾಟ್ ಮಾಡಿಸದೆ, ಅಂದರೆ ಕಾಗದದಿಂದ ಕಂಪ್ಯೂಟರ್ ಖಾತೆಗೆ ಬದಲಾಯಿಸದೆ, ವರ್ಗಾಯಿಸಲು ಬರುವುದಿಲ್ಲ, ಪ್ರಮಾಣಪತ್ರ ಕಳೆದುಹೋದರೆ ನಕಲು ಪಡೆಯುವುದೇ ಒಂದು ದೊಡ್ಡ ರಗಳೆ. ಸತತ ಏಳು ವರ್ಷ ಡಿವಿಡೆಂಡ್ ಪಡೆಯದಿದ್ದರೆ ಶೇರುಗಳು ಸರಕಾರದ ಹೂಡಿಕೆದಾರರ ನಿಧಿಗೆ ಹೋಗುತ್ತವೆ. ಅಲ್ಲಿಂದ ಮರಳಿ ಪಡೆಯಬಹುದಾದರೂ ಅದಕ್ಕೂ ಹಳೆಯ ಕಾಗದಪತ್ರಗಳು ಬೇಕು. ಇಂಥ ಪತ್ರಗಳು ಕಪಾಟಿನಲ್ಲಿರುತ್ತವೆಂಬ ಭರವಸೆಯಿಲ್ಲ, ಹಳೆಯ ‘ಕರ್ನಾಟಕ ಮಲ್ಲ’ ಪತ್ರಿಕೆಯ ಕಟ್ಟಿನೊಳಗೂ ಇರಬಹುದು. ಆದ್ದರಿಂದ ಪ್ರತಿಯೊಂದು ಕಟ್ಟನ್ನೂ ಬಿಚ್ಚಿ, ಕೊಡವಿ ನೋಡದೆ ರದ್ದಿವಾಲಾನ ತಕ್ಕಡಿಗೆ ಹಾಕಬಾರದು.

ಕೆಲಸವನ್ನು ಬಾಗಿಲಿನಿಂದ ಹಾಸಿಗೆಯವರೆಗಿನ ದಾರಿ, ಗ್ಯಾಸ್ ಒಲೆಯ ಸುತ್ತಲಿನ ಜಾಗ, ವಿದ್ಯುತ್ ಮೀಟರಿನ ಮುಂಭಾಗ, ಇವುಗಳಿಂದ ತೊಡಗಬೇಕು, ಏಕೆಂದರೆ ಬೀಳುವ ಮತ್ತು ಬೆಂಕಿ ಹತ್ತುವ ಅಪಾಯ ಅಲ್ಲಿಯೇ ಹೆಚ್ಚು. ಫೋಟೋ, ಪತ್ರ, ಅತ್ತೆಯವರ ಸೀರೆಗಳನ್ನು ಕೊನೆಗೆ ಬಿಡಿ. ನಾನು ಖಾಲಿ ಡಬ್ಬ, ಹರಿದ ಚೀಲ, ಅವಧಿ ಮುಗಿದ ಔಷಧಿಗಳಿಂದ ಪ್ರಾರಂಭಿಸುತ್ತೇನೆ. ಒಂದೊಂದನ್ನೂ ತೋರಿಸಿ ಕೇಳುತ್ತೇನೆ, ‘ಇರಲಿ’ ಎಂದರೆ ಇಡುತ್ತೇನೆ. ಕೊಡಲು ಒಪ್ಪಿದ್ದು ಅಂದೇ ಮನೆಯಿಂದ ಹೊರಡಬೇಕು, ರಾತ್ರಿ ಅಲ್ಲಿಯೇ ಉಳಿದರೆ ಬೆಳಗಾಗುವಷ್ಟರಲ್ಲಿ ಅರ್ಧ ಮತ್ತೆ ಕಪಾಟು ಸೇರಿರುತ್ತದೆ. ಎಲ್ಲಿಗೆ ಹೋಗುತ್ತದೆಂದು ಗೊತ್ತಾದರೆ ಕೈ ಬೇಗ ಸಡಿಲವಾಗುತ್ತದೆ. ಕನ್ನಡ ಪುಸ್ತಕಗಳಿದ್ದರೆ ಮಾಟುಂಗದ ನಮ್ಮ ಸಂಘಸಂಸ್ಥೆಗಳನ್ನು ವಿಚಾರಿಸಿ, ಆದರೆ ಅವರ ಬಳಿಯೂ ಜಾಗ ಕಡಿಮೆ, ಕೇಳದೆ ಹೊತ್ತುಕೊಂಡು ಹೋಗಬೇಡಿ.

ಕಟ್ಟಡದ ಪ್ಯಾಸೇಜಿನಲ್ಲಿ ಇಟ್ಟಿರುವುದರ ವಿಷಯ ಬೇರೆ. ಅದು ಎಲ್ಲರ ದಾರಿ, ಬೆಂಕಿ ಬಿದ್ದರೆ ಎಲ್ಲರೂ ಓಡಬೇಕಾದ ದಾರಿ. ಅಲ್ಲಿ ದಿನಾಂಕ ಗೊತ್ತುಮಾಡಿ ಗಟ್ಟಿಯಾಗಿಯೇ ಹೇಳಬಹುದು. ಮನೆ ಬಿಡುವ ನೋಟಿಸಿಗಾಗಿ ಕಾಯದೆ ಈಗಲೇ ಆರಂಭಿಸಿ. ಗಡುವಿನೊಳಗೆ ಮುಗಿಯದಿದ್ದರೆ ಉಳಿದದ್ದನ್ನು ಕೆಲವು ತಿಂಗಳು ಬಾಡಿಗೆಯ ಗೋದಾಮಿನಲ್ಲಿಡುವುದು ದುಂದುವೆಚ್ಚವೇ ಸರಿ, ಆದರೂ ಬಲವಂತಕ್ಕಿಂತ ಅದು ಮೇಲು.

ಜೊತೆಗೆ ಚಿಕಿತ್ಸೆಯೂ ನಡೆಯಬೇಕು. ಈ ಕಾಯಿಲೆಗೆಂದೇ ಹೊಂದಿಸಿದ ಮಾತಿನ ಚಿಕಿತ್ಸೆ ಇದೆ, ಅದು ನನ್ನ ಕೆಲಸವಲ್ಲ. ಎಲ್ಲಿಂದ ಆರಂಭಿಸಬೇಕೆಂದು ತಿಳಿಯದಿದ್ದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ನನ್ನಂಥವರನ್ನು ಗೊತ್ತುಮಾಡುವ ಮೊದಲು, ‘ಮಾವ ಬೇಡವೆಂದರೆ ಏನು ಮಾಡುತ್ತೀರಿ?’ ಎಂದು ಕೇಳಿ. ‘ಅದನ್ನು ನಮಗೆ ಬಿಡಿ, ಎರಡು ದಿನದಲ್ಲಿ ಮುಗಿಸಿಕೊಡುತ್ತೇವೆ’ ಎಂಬ ಉತ್ತರ ಬಂದರೆ ಬೇರೆಯವರನ್ನು ಹುಡುಕಿ.