ಗಂಡ ದಕ್ಷಿಣ ಸುಡಾನ್‌ನಲ್ಲಿ, ಸಮನ್ಸ್ ಮನೆ ಬಾಗಿಲಲ್ಲಿ: ಈಗೇನು ಮಾಡಬೇಕು?

ಪ್ರಶ್ನೆ: ನಮ್ಮ ಯಜಮಾನರು ಸೇನೆಯಲ್ಲಿ ಹವಾಲ್ದಾರ್. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ಈಗ ದಕ್ಷಿಣ ಸುಡಾನ್‌ನಲ್ಲಿದ್ದಾರೆ. ಅವರ ದೊಡ್ಡಪ್ಪನ ಮಕ್ಕಳು ಹೊಲದ ಪಾಲು ಕೇಳಿ ದಾವೆ ಹಾಕಿದ್ದಾರೆ. ಯಜಮಾನರ ಹೆಸರಿಗೆ ಬಂದ ಸಮನ್ಸನ್ನು ನಾನೇ ಸಹಿ ಹಾಕಿ ತೆಗೆದುಕೊಂಡೆ. ಅವರಿಗೆ ರಜೆ ಇಲ್ಲ. ಹೊಲ ಕೈತಪ್ಪುತ್ತದೆಯೇ?
– ಗೋಕಾಕ ತಾಲ್ಲೂಕಿನ ಓದುಗರು

ಉತ್ತರ: ಗಾಬರಿ ಬೇಡ, ಆದರೆ ಸಮನ್ಸಿನಲ್ಲಿರುವ ತಾರೀಖನ್ನು ತಪ್ಪಿಸಬೇಡಿ. ಸೈನಿಕರಿಗೆ ಕಾನೂನಿನ ರಕ್ಷಣೆ ಗಟ್ಟಿಯಾಗಿಯೇ ಇದೆ. ಆದರೆ ಅವರು ಎಲ್ಲಿದ್ದಾರೆಂದು ಯಾರಾದರೂ ಹೇಳದೆ ನ್ಯಾಯಾಲಯಕ್ಕೆ ಗೊತ್ತಾಗುವುದಿಲ್ಲ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 28ನೇ ನಿಯಮದ ಪ್ರಕಾರ ಸೈನಿಕರ ಸಮನ್ಸು ಅವರ ಕಮಾಂಡಿಂಗ್ ಆಫೀಸರ್ ಮೂಲಕವೇ ಹೋಗಬೇಕು. ನಿಮ್ಮ ಕೈಗೆ ಕೊಟ್ಟಿದ್ದಕ್ಕೆ ವಕೀಲರು ಮೊದಲ ದಿನವೇ ಆಕ್ಷೇಪ ಎತ್ತಲಿ.

ನಿಮಗೆ ನಿಜವಾಗಿ ಆಸರೆಯಾಗುವುದು ಅದೇ ಸಂಹಿತೆಯ 28ನೇ ಆದೇಶ. ರಜೆ ಸಿಗದ ಸೈನಿಕ ತನ್ನ ಪರವಾಗಿ ಯಾರಿಗಾದರೂ ದಾವೆ ನಡೆಸುವ ಅಧಿಕಾರ ಕೊಡಬಹುದು. ಅದು ಬರಹದಲ್ಲಿರಬೇಕು, ಕಮಾಂಡಿಂಗ್ ಆಫೀಸರ್ ಎದುರು ಸಹಿಯಾಗಬೇಕು, ಆ ಅಧಿಕಾರಿಯ ಮೇಲುಸಹಿಯೂ ಬೇಕು. ಅಂಥ ಪತ್ರ ನಿಮ್ಮ ಹೆಸರಿಗೆ ಬಂದರೆ ವಕೀಲರನ್ನು ನೇಮಿಸುವ ಹಕ್ಕು ನಿಮ್ಮದು. ಅದು ಬರುವ ಮುಂಚೆ ಅವರ ಹೆಸರಿನಲ್ಲಿ ನೀವು ವಕಾಲತ್ತಿಗೆ (ವಕೀಲರನ್ನು ನೇಮಿಸುವ ಪತ್ರಕ್ಕೆ) ಸಹಿ ಹಾಕಲೇಬೇಡಿ. ನಂತರ ಅದೇ ನಿಮಗೆ ಮುಳುವಾಗುತ್ತದೆ.

ಇನ್ನೊಂದು, 1925ರ ಭಾರತೀಯ ಸೈನಿಕರ (ದಾವೆ) ಕಾಯ್ದೆ. ಸೈನಿಕ ‘ವಿಶೇಷ ಪರಿಸ್ಥಿತಿ’ಯಲ್ಲಿ ಸೇವೆಯಲ್ಲಿದ್ದಾನೆ, ನ್ಯಾಯದ ದೃಷ್ಟಿಯಿಂದ ವಿಚಾರಣೆ ಮುಂದೂಡಬೇಕು ಎಂದು ನಿಗದಿತ ಸೇನಾ ಪ್ರಾಧಿಕಾರ ಪ್ರಮಾಣಪತ್ರ ಕೊಟ್ಟರೆ ನ್ಯಾಯಾಲಯ ಮುಂದೂಡಲೇಬೇಕು. ಕಡಲು ದಾಟಿ ಹೋಗುವ ಕಾಲದ ಕಾಯ್ದೆಯಿದು. ವಿದೇಶ ಸೇವೆ ಎಂದರೆ ಹಡಗಿನ ಪ್ರಯಾಣ ಎಂಬ ಲೆಕ್ಕದಲ್ಲೇ ಬರೆದಿದ್ದಾರೆ. ಹಾಗಾಗಿ ಬಾಯಿಮಾತಿನ ವಾದಕ್ಕಿಂತ ಆ ಪ್ರಮಾಣಪತ್ರವನ್ನೇ ನೆಚ್ಚಿಕೊಳ್ಳಿ. ಯಜಮಾನರು ಇಂದೇ ತಮ್ಮ ಯೂನಿಟ್ಟಿಗೆ ಅರ್ಜಿ ಕೊಡಲಿ. ದಾವೆಯ ನಂಬರು, ಮುಂದಿನ ತಾರೀಖು ಅದರಲ್ಲಿರಲಿ. ಸಮನ್ಸಿನ ಫೋಟೋವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಬಿಡಿ.

ಅಕಸ್ಮಾತ್ ಏಕಪಕ್ಷೀಯ ಡಿಕ್ರಿ, ಅಂದರೆ ನಿಮ್ಮವರು ಹಾಜರಿಲ್ಲದೆಯೇ ತೀರ್ಪು, ಆದರೂ ಅದನ್ನು ರದ್ದುಪಡಿಸಲು ಇದೇ ಕಾಯ್ದೆಯ 10ನೇ ಕಲಮಿನಲ್ಲಿ ದಾರಿಯಿದೆ. ಆದರೆ ಅಲ್ಲಿವರೆಗೆ ಬಿಡಬೇಡಿ. ಅಷ್ಟರಲ್ಲಿ ಹೊಲ ಇನ್ನೊಬ್ಬರಿಗೆ ಮಾರಾಟವಾದರೆ ಬಿಡಿಸಿಕೊಳ್ಳುವುದು ದೊಡ್ಡ ಗೋಳು.

ವಕೀಲರ ಫೀಸು ಹೊರೆಯಾದರೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಕೇಳಿ. ಮಹಿಳೆಯರಿಗೆ ಅಲ್ಲಿ ಆದಾಯದ ಮಿತಿ ಇಲ್ಲ. ಮುಂದೆ ಅವರು ಈ ದಾವೆಗಾಗಿಯೇ ರಜೆ ಪಡೆದು ಬಂದರೆ ರಜೆಯ ಪ್ರಮಾಣಪತ್ರ ಹಾಜರುಪಡಿಸಲಿ. ಆ ರಜೆಯೊಳಗೇ ವಿಚಾರಣೆ ಮುಗಿಸಲು ಸಾಧ್ಯವಾದಷ್ಟು ವ್ಯವಸ್ಥೆ ಮಾಡಬೇಕೆಂದು 1950ರ ಸೇನಾ ಕಾಯ್ದೆಯ 32ನೇ ಕಲಮು ನ್ಯಾಯಾಲಯಕ್ಕೆ ಹೇಳುತ್ತದೆ.