24 ಅಂಕ ಏನು ಹೇಳುತ್ತದೆ?

(ಮಡಿಕೇರಿ ತಾಲ್ಲೂಕಿನ ಹೈಸ್ಕೂಲ್ ಶಿಕ್ಷಕಿಯೊಬ್ಬರ ಪತ್ರ ಇದು. ಹೆಸರು ಹಾಕಬೇಡಿ ಎಂದಿದ್ದಾರೆ. ಅವರ ಎಂಟನೇ ತರಗತಿಯ ಹುಡುಗನೊಬ್ಬನ ಮನೆ 2018ರ ಆಗಸ್ಟ್‌ನಲ್ಲಿ ಬರೆ ಕುಸಿದು ಹೋಯಿತು. ಆಗ ಅವನಿಗೆ ಆರು ವರ್ಷ. ಈಗಲೂ ಮಳೆ ಜೋರಾದರೆ ಕಿಟಕಿ ಪಕ್ಕ ಕೂರುವುದಿಲ್ಲ. ಯಾರಾದರೂ ಡೆಸ್ಕ್ ಬಡಿದರೆ ಬೆಚ್ಚಿಬಿದ್ದು ಹೊಡೆಯಲು ಹೋಗುತ್ತಾನೆ. ಮಳೆಗಾಲದಲ್ಲಿ ಬಟ್ಟೆ ತುಂಬಿದ ಬ್ಯಾಗನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡೇ ಮಲಗುತ್ತಾನೆ. ‘ಪುಂಡ’ ಎನ್ನುತ್ತಾರೆ ಸಹೋದ್ಯೋಗಿಗಳು. ‘ಅವನಿಗೆ ಏನೂ ನೆನಪಿಲ್ಲ’ ಎನ್ನುತ್ತಾರೆ ತಾಯಿ. ಶಿಕ್ಷಕಿ ಇಂಟರ್ನೆಟ್ಟಿನಲ್ಲಿ ಸಿಕ್ಕ ಆಘಾತದ ಪರಿಣಾಮ ಅಳೆಯುವ ‘ಕ್ರೈಸ್-8’ ಎಂಬ ಮಕ್ಕಳ ಪ್ರಶ್ನಾವಳಿಯನ್ನು ಜುಲೈನಲ್ಲಿ ಅವನಿಂದ ತುಂಬಿಸಿದ್ದಾರೆ. 24 ಅಂಕ ಬಂದಿದೆ. ‘ಇವನಿಗೆ ಪಿಟಿಎಸ್‌ಡಿ, ಅಂದರೆ ಭೀಕರ ಘಟನೆಯ ನಂತರ ಕಾಡುವ ಮಾನಸಿಕ ಕಾಯಿಲೆ, ಇದೆ ಅಂತ ಹೇಳಬಹುದಾ? ಇಡೀ ತರಗತಿಗೆ ಇದನ್ನು ಕೊಡಲಾ?’ ಎಂದು ಕೇಳಿದ್ದಾರೆ.)

ನಮಸ್ಕಾರ ಟೀಚರ್,

ಹೇಳಲು ಆಗುವುದಿಲ್ಲ. ಆದರೆ ಈ ಹುಡುಗನನ್ನು ಬೇಗ ತಜ್ಞರ ಹತ್ತಿರ ಕರೆದುಕೊಂಡು ಹೋಗಬೇಕು ಎಂದು ಖಂಡಿತ ಹೇಳಬಹುದು. ಇಡೀ ತರಗತಿಗೆ ದಯವಿಟ್ಟು ಕೊಡಬೇಡಿ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನಿಮ್ಮಂತೆಯೇ ಯೋಚಿಸುತ್ತಿರುವ ಶಿಕ್ಷಕರು ಇನ್ನೂ ಇದ್ದಾರೆ.

ಮೊದಲು ಆ ಹಾಳೆಯನ್ನೇ ನೋಡೋಣ. ಎಂಟು ವರ್ಷ ದಾಟಿದ, ತಾವೇ ಓದಬಲ್ಲ ಮಕ್ಕಳಿಗಾಗಿ ಮಾಡಿದ್ದು ಅದು. ಎಂಟು ಪ್ರಶ್ನೆ. ‘ಇಲ್ಲವೇ ಇಲ್ಲ’ ಎಂದರೆ 0, ‘ಅಪರೂಪಕ್ಕೆ’ ಎಂದರೆ 1, ‘ಕೆಲವೊಮ್ಮೆ’ ಎಂದರೆ 3, ‘ಆಗಾಗ’ ಎಂದರೆ 5. ಒಟ್ಟು 40. 17 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮುಂದೆ ಸರಿಯಾಗಿ ಪರೀಕ್ಷಿಸಬೇಕು ಎಂಬುದು ಲೆಕ್ಕ. ತೊಂದರೆ ಇರುವ ಮಕ್ಕಳು ತಪ್ಪಿಹೋಗಬಾರದು ಎಂದು ಆ ಗೆರೆ ಎಳೆದಿರುವುದು. ಹಾಗಾಗಿ ಕಾಯಿಲೆ ಇಲ್ಲದ ಕೆಲವು ಮಕ್ಕಳೂ ಅದನ್ನು ದಾಟುತ್ತಾರೆ.

ಆ ಪ್ರಶ್ನೆಗಳು ಕೇಳುವುದು ಹಿಂದಿನ ಏಳು ದಿನದ ಬಗ್ಗೆ ಮಾತ್ರ. ನೀವು ಕೊಟ್ಟಿದ್ದು ಜುಲೈನಲ್ಲಿ. ಕಕ್ಕಡ ತಿಂಗಳ ಮಳೆ, ರಾತ್ರಿಯಿಡೀ ಹೆಂಚಿನ ಮೇಲೆ ಸದ್ದು, ಮೊಬೈಲಿನಲ್ಲಿ ರೆಡ್ ಅಲರ್ಟ್. ಅಂಥ ವಾರದಲ್ಲಿ 24 ಬಂದಿದೆ. ಇದೇ ಹುಡುಗನನ್ನು ಫೆಬ್ರವರಿಯಲ್ಲಿ ಕೇಳಿದ್ದರೆ ಅಂಕ ತುಂಬಾ ಕಡಿಮೆ ಬರಬಹುದಿತ್ತು. ಹಾಗೆಂದು ಜುಲೈನ ಅಂಕ ಸುಳ್ಳಾಗುವುದಿಲ್ಲ. ಪ್ರತಿ ವರ್ಷ ಅದೇ ತಿಂಗಳಲ್ಲಿ ಸಂಕಟ ಮರಳಿ ಬರುವುದೂ ವೈದ್ಯರು ತಿಳಿಯಲೇಬೇಕಾದ ವಿಷಯ.

ಇನ್ನೊಂದು ಕೊರತೆ ಇದೆ. ಎಂಟರಲ್ಲಿ ನಾಲ್ಕು ಪ್ರಶ್ನೆ ಬೇಡವೆಂದರೂ ನುಗ್ಗಿ ಬರುವ ನೆನಪುಗಳ ಬಗ್ಗೆ, ನಾಲ್ಕು ಆ ನೆನಪನ್ನು ದೂರ ಇಡುವ ಬಗ್ಗೆ. ಬೆಚ್ಚಿಬೀಳುವುದು, ಸಿಟ್ಟು, ನಿದ್ದೆ, ಗಮನ, ಸದಾ ಎಚ್ಚರ ಇವು ಅದರಲ್ಲಿ ಇಲ್ಲ. ಅವನ್ನು ಕೇಳುವುದು 13 ಪ್ರಶ್ನೆಗಳ ಇನ್ನೊಂದು ರೂಪ. ಅಂದರೆ ನಿಮಗೆ ತರಗತಿಯಲ್ಲಿ ದಿನಾ ಕಣ್ಣಿಗೆ ಬೀಳುತ್ತಿರುವ ಲಕ್ಷಣಗಳು ಆ 24ರೊಳಗೆ ಸೇರಿಯೇ ಇಲ್ಲ. ನೀವು ಪತ್ರದಲ್ಲಿ ಬರೆದ ನಾಲ್ಕು ಸಾಲು ಆ ಅಂಕಕ್ಕಿಂತ ಹೆಚ್ಚು ಹೇಳುತ್ತವೆ.

ತಾಯಿ ಹೇಳಿದ ‘ಏನೂ ನೆನಪಿಲ್ಲ’ ಎಂಬ ಮಾತು ನನ್ನನ್ನು ತುಂಬಾ ಕಾಡಿತು. ಮಕ್ಕಳು ಇಂಥದ್ದನ್ನು ಮರೆಯುತ್ತಾರಾ ಎಂದು ತಿಳಿಯಲು ಒಂದು ಹಳೆಯ ಘಟನೆ ನೋಡಿ. 1976ರ ಜುಲೈನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಚೌಚಿಲಾ ಎಂಬ ಊರಿನ ಶಾಲಾ ಬಸ್ಸೊಂದನ್ನು ಅಪಹರಿಸಿದರು. 26 ಮಕ್ಕಳನ್ನೂ ಚಾಲಕನನ್ನೂ ಕಲ್ಲುಕ್ವಾರಿಯಲ್ಲಿ ಹೂತಿಟ್ಟಿದ್ದ ಲಾರಿಯ ಡಬ್ಬಿಯೊಳಗೆ ಇಳಿಸಿ ಮೇಲೆ ಮಣ್ಣು ಮುಚ್ಚಿದರು. ಸುಮಾರು 16 ಗಂಟೆಯ ನಂತರ ಅವರೇ ದಾರಿ ಮಾಡಿಕೊಂಡು ಹೊರಬಂದರು. ಎಲ್ಲರೂ ಬದುಕಿದರು. ಲೆನೋರ್ ಟೆರ್ ಎಂಬ ಮನೋವೈದ್ಯೆ ಆ ಮಕ್ಕಳೊಂದಿಗೆ ಕೂತು ಮಾತಾಡಿದರು. ನಾಲ್ಕೈದು ವರ್ಷವಾದ ಮೇಲೆ ಮತ್ತೆ ಹೋಗಿ ನೋಡಿದರು. ಆಗಲೂ ನೋಡಿದ ಪ್ರತಿ ಮಗುವಿನಲ್ಲೂ ಆ ಘಟನೆಯ ಪರಿಣಾಮ ಉಳಿದಿತ್ತು. ಅದೇ ಭಯದ ಆಟವನ್ನು ಮತ್ತೆ ಮತ್ತೆ ಆಡುವವರಿದ್ದರು. ತಾವು ಬಹಳ ಕಾಲ ಬದುಕುತ್ತೇವೆಂಬ ನಂಬಿಕೆಯೇ ಇಲ್ಲದವರೂ ಇದ್ದರು. ತೀರಾ ಎಳೆಯ ಮಕ್ಕಳ ಬಗ್ಗೆಯೂ ಟೆರ್ ಮುಂದೆ ಬರೆದರು. ಎರಡೂವರೆ, ಮೂರು ವರ್ಷಕ್ಕಿಂತ ಚಿಕ್ಕವರಿಗೆ ನಡೆದದ್ದನ್ನು ಬಾಯಿಬಿಟ್ಟು ಹೇಳುವುದು ಕಷ್ಟ. ಆದರೂ ಅದು ಅವರ ಆಟದಲ್ಲಿ ಬರುತ್ತಿತ್ತು.

ಹಾಗಿರುವಾಗ ಆರು ವರ್ಷದ ಮಗು ಮರೆತಿದೆ ಎಂದು ನಂಬುವುದು ಕಷ್ಟ, ಅಲ್ವಾ? ತಲೆದಿಂಬಿನ ಪಕ್ಕದ ಆ ಬ್ಯಾಗು ನೆನಪೇ. ತಾಯಿಯನ್ನು ದೂರುವುದು ಬೇಡ. ಮನೆ ಹೋದದ್ದು ಅವರದ್ದೂ ಹೌದು. ಮಗ ಮರೆತಿದ್ದಾನೆ ಎಂಬ ನಂಬಿಕೆಯೇ ಅವರನ್ನು ಇಷ್ಟು ವರ್ಷ ನಿಲ್ಲಿಸಿರಬಹುದು. ಅಮ್ಮನಿಗೆ ನೋವಾಗುತ್ತದೆ ಎಂದು ಹುಡುಗನೂ ಬಾಯಿಬಿಟ್ಟಿರಲಿಕ್ಕಿಲ್ಲ. ಈ ವಿಷಯದಲ್ಲಿ ಹೆತ್ತವರು ಹೇಳುವುದಕ್ಕೂ ಮಕ್ಕಳು ಹೇಳುವುದಕ್ಕೂ ಹೊಂದಾಣಿಕೆ ಕಡಿಮೆ ಎಂದು ಅಧ್ಯಯನಗಳು ಪದೇ ಪದೇ ತೋರಿಸಿವೆ. ಸಿಟ್ಟು, ಹೊಡೆದಾಟ ದೊಡ್ಡವರ ಕಣ್ಣಿಗೆ ಬೀಳುತ್ತದೆ. ಒಳಗಿನ ಹೆದರಿಕೆ ಕಾಣುವುದಿಲ್ಲ. ಅದಕ್ಕೇ ಮಗುವನ್ನು ಬೇರೆಯಾಗಿ ಕೂರಿಸಿಕೊಂಡು ಕೇಳಲೇಬೇಕು.

ಪಿಟಿಎಸ್‌ಡಿ ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಬಂದದ್ದು 1980ರಲ್ಲಿ. ಆರು ವರ್ಷದವರೆಗಿನ ಮಕ್ಕಳಿಗೆ ಬೇರೆ ಮಾನದಂಡ ಬರಲು 2013 ಆಯಿತು. ಚಿಕ್ಕ ಮಕ್ಕಳ ಕೆಟ್ಟ ಕನಸಿನಲ್ಲಿ ನಡೆದ ಘಟನೆಯೇ ಇರಬೇಕೆಂದಿಲ್ಲ, ಯಾವುದೋ ಭೂತ ಬರಬಹುದು. ‘ಆ ವರ್ಷ ಇವನು ಏನು ಆಟ ಆಡುತ್ತಿದ್ದ?’ ಎಂದು ತಾಯಿಯನ್ನು ಮೆತ್ತಗೆ ಕೇಳಿ ನೋಡಿ. ಮಣ್ಣಿನಲ್ಲಿ ಮನೆ ಕಟ್ಟಿ ಮುಚ್ಚುತ್ತಿದ್ದನಾ? ಹದಿಹರೆಯದಲ್ಲಿ ಅದೇ ಸಂಕಟ ಸಿಟ್ಟಾಗಿ, ಯಾರೂ ಬೇಡವೆಂಬ ಮೌನವಾಗಿ, ಅಪಾಯದ ಹುಚ್ಚಾಟವಾಗಿ ಹೊರಬರಬಹುದು. ಪುಂಡ ಎಂದು ಹೆಸರು ಬಿದ್ದ ಮೇಲೆ ಹಿಂದೆ ಏನಿದೆ ಎಂದು ಯಾರೂ ಕೇಳುವುದಿಲ್ಲ. ಸ್ಟಾಫ್ ರೂಮಿನಲ್ಲಿ ಆ ಮಾತು ನಿಲ್ಲಿಸಲು ನಿಮ್ಮಿಂದ ಆದದ್ದನ್ನು ಮಾಡಿ.

ತಜ್ಞರ ಬಳಿ ಏನಾಗುತ್ತದೆ? ಅವಸರವಿಲ್ಲದೆ ತಾಯಿಯೊಡನೆ ಒಮ್ಮೆ, ಹುಡುಗನೊಡನೆ ಒಮ್ಮೆ ಬೇರೆ ಬೇರೆಯಾಗಿ ಮಾತಾಡುತ್ತಾರೆ. 2018ರ ಕುಸಿತವೊಂದನ್ನೇ ಕೇಳುವುದಿಲ್ಲ. ಮನೆಯಲ್ಲಿ ಹೊಡೆತ, ಯಾರದೋ ಸಾವು, ಮೈಮುಟ್ಟಿ ಕೊಟ್ಟ ಕಾಟ, ಅಪಘಾತ ಹೀಗೆ ಎಲ್ಲವನ್ನೂ ವಿಚಾರಿಸುತ್ತಾರೆ. ನಮಗೆ ಗೊತ್ತಿರುವ ದುರಂತಕ್ಕೇ ಎಲ್ಲವನ್ನೂ ಕಟ್ಟಿಬಿಟ್ಟರೆ ಗೊತ್ತಿಲ್ಲದ್ದು ಉಳಿದುಹೋಗುತ್ತದೆ. ಮರುಕಳಿಸುವ ನೆನಪು, ತಪ್ಪಿಸಿಕೊಳ್ಳುವುದು, ‘ನನ್ನದೇ ತಪ್ಪು’ ಎಂಬಂಥ ಯೋಚನೆ, ಸದಾ ಎಚ್ಚರ ಎಲ್ಲವನ್ನೂ ನೋಡುತ್ತಾರೆ. ಅವು ಒಂದು ತಿಂಗಳು ಮೀರಿ ಇವೆಯಾ, ಓದು, ಗೆಳೆತನ, ನಿದ್ದೆ ಕೆಡಿಸುತ್ತಿವೆಯಾ ಎಂದು ತೂಗುತ್ತಾರೆ. ಖಿನ್ನತೆ ಇದೆಯೋ, ಗಮನದ ತೊಂದರೆ ಹುಟ್ಟಿನಿಂದಲೇ ಬಂದದ್ದೋ ಎಂದೂ ನೋಡುತ್ತಾರೆ. ಸಾಯುವ ಯೋಚನೆ ಬರುತ್ತದಾ ಎಂದು ನೇರವಾಗಿ ಕೇಳುತ್ತಾರೆ. ಕೇಳಿದರೆ ಆ ಯೋಚನೆ ತಲೆಗೆ ಹೋಗುತ್ತದೆ ಎಂದು ತಾಯಿ ಹೆದರಬಹುದು. ಹಾಗಾಗುವುದಿಲ್ಲ ಎಂದು ಧೈರ್ಯ ಹೇಳಿ.

ಒಂದು ಎಚ್ಚರಿಕೆ. ‘ಯಾರಿಗೂ ಹೇಳಲ್ಲ’ ಎಂದು ಹುಡುಗನಿಗೆ ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯದ ವಿಷಯ ಹೊರಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ನೀವು ಪೊಲೀಸರಿಗೆ ತಿಳಿಸಲೇಬೇಕು. ‘ನಿನ್ನನ್ನು ಕಾಪಾಡಲು ಬೇಕಾದವರಿಗೆ ಮಾತ್ರ ಹೇಳುತ್ತೇನೆ’ ಎನ್ನಿ. ಅವನು ಹೇಳಿದಷ್ಟನ್ನು ಕೇಳಿ, ವಿವರಕ್ಕೆ ಒತ್ತಾಯ ಬೇಡ.

ಇನ್ನು ಇಡೀ ತರಗತಿಯ ವಿಷಯ. ಪಕ್ಕದವನು ಇಣುಕುತ್ತಿರುವಾಗ ಯಾವ ಹುಡುಗ ನಿಜ ಬರೆಯುತ್ತಾನೆ? ನೆನಪನ್ನು ದೂರ ತಳ್ಳುವುದೇ ಈ ಕಾಯಿಲೆಯ ಲಕ್ಷಣ. ತುಂಬಾ ನೊಂದ ಮಗುವೇ ಎಲ್ಲದಕ್ಕೂ ‘ಇಲ್ಲ’ ಎಂದು ಬರೆದು ಕೊಡಬಹುದು. ಗಾಯದ ಬಗ್ಗೆ ಕೇಳಿ, ಆಮೇಲೆ ಯಾರೂ ಸಹಾಯಕ್ಕೆ ಬರದೇ ಹೋದರೆ ಆ ಮಗು ಇನ್ನೊಮ್ಮೆ ಯಾರನ್ನೂ ನಂಬಲಿಕ್ಕಿಲ್ಲ. ಹೆತ್ತವರ ಒಪ್ಪಿಗೆ, ತರಬೇತಿ ಪಡೆದವರು, ಅಂಕ ಜಾಸ್ತಿ ಬಂದವರನ್ನು ನೋಡಲು ತಜ್ಞರು, ಇಷ್ಟೂ ಇದ್ದರೆ ಮಾತ್ರ ಶಾಲೆಯಲ್ಲಿ ಇದನ್ನು ಮಾಡಬಹುದು. ಇನ್ನೊಂದು ಮಾತೂ ನಿಮಗೆ ಗೊತ್ತಿರಲಿ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಲೆಕ್ಕದಂತೆ, ಭೀಕರ ಘಟನೆಗೆ ಸಿಕ್ಕ 100 ಮಕ್ಕಳಲ್ಲಿ ಸುಮಾರು 16 ಮಂದಿಗೆ ಪಿಟಿಎಸ್‌ಡಿ ಬರುತ್ತದೆ. ಉಳಿದವರಿಗೆ ಬರುವುದಿಲ್ಲ.

ಚಿಕಿತ್ಸೆ ಇದೆ, ಅದರಿಂದ ಮಕ್ಕಳು ಸುಧಾರಿಸುತ್ತಾರೆ. ಆಘಾತವನ್ನೇ ಗುರಿಯಾಗಿಟ್ಟು ಹಲವು ವಾರ ಮಾತಿನ ಮೂಲಕ ಕೊಡುವ ಚಿಕಿತ್ಸೆ ಅದು. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿ 18 ವರ್ಷದೊಳಗಿನವರಿಗೆ ಪಿಟಿಎಸ್‌ಡಿಗೆಂದು ಮಾತ್ರೆ ಬೇಡ ಎನ್ನುತ್ತದೆ. ಚಿಕಿತ್ಸೆ ಶುರುವಾಗುವವರೆಗೆ ಶಾಲೆಯಲ್ಲಿ ಅವನಿಗೆ ಬೇಕಾದ ಜಾಗದಲ್ಲಿ ಕೂರಲು ಬಿಡಿ. ಅಣಕು ಕಾರ್ಯಾಚರಣೆ, ಸೈರನ್ ಇದ್ದರೆ ಮೊದಲೇ ತಿಳಿಸಿ. ಮಳೆ ರಜೆ ಕೊಟ್ಟ ದಿನ ಅವನು ಒಬ್ಬನೇ ಕೂತು ಕುಸಿತದ ವಿಡಿಯೋ ನೋಡದಂತೆ ತಾಯಿಗೆ ಹೇಳಿ, ಸಾಧ್ಯವಾದರೆ ಒಂದು ಫೋನೂ ಮಾಡಿ. ಬ್ಯಾಗನ್ನು ಮಾತ್ರ ಸದ್ಯಕ್ಕೆ ಕಿತ್ತುಕೊಳ್ಳಬೇಡಿ.

ಮಡಿಕೇರಿಯಲ್ಲೇ ಜಿಲ್ಲಾ ಬೋಧಕ ಆಸ್ಪತ್ರೆಯ ಮನೋವೈದ್ಯ ವಿಭಾಗವಿದೆ. ಅಲ್ಲಿಂದ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೂ ಹೋಗಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಹೋಗುವಾಗ ನೀವು ಕಂಡದ್ದನ್ನು ಒಂದು ಪುಟದಲ್ಲಿ ಬರೆದುಕೊಡಿ: ಯಾವ ದಿನ, ಮಳೆ ಇತ್ತಾ, ಯಾವ ಸದ್ದಿಗೆ ಬೆಚ್ಚಿದ, ಎಷ್ಟು ಹೊತ್ತಿಗೆ ಸರಿಹೋದ. ಆ 24 ಅಂಕದ ಹಾಳೆಯನ್ನು ಶಾಲೆಯ ಫೈಲಿನಲ್ಲಿ ಇಡಬೇಡಿ. ಕೊಟ್ಟ ತಾರೀಕು ಬರೆದು, ಕವರಿನಲ್ಲಿ ಹಾಕಿ ತಾಯಿಯ ಕೈಗೆ ಕೊಡಿ. ವೈದ್ಯರಿಗೆ ತೋರಿಸಲಿ.

– ಸಂಪಾದಕ