ಡಾಕ್ಟರ್ ಬೇಡ ಅಂದಿದ್ದಾರೆ

ಬಸುರಿನಲ್ಲಿ ಸಂಭೋಗ ಮಾಡಬಹುದೇ, ಮಗುವಿಗೆ ಏನಾದರೂ ಆಗುತ್ತದೆಯೇ ಎಂದು ಕೇಳಿಕೊಂಡು ಬರುವ ದಂಪತಿ ಆಪ್ತಸಲಹೆಗಾರ್ತಿಯಾದ ನನಗೆ ಹೊಸಬರಲ್ಲ. ಅದಕ್ಕೆ ಉತ್ತರ ಹೇಳುವುದೂ ಕಷ್ಟವಲ್ಲ. ಈ ಜೋಡಿ ತಂದದ್ದು ಬೇರೆ ತಕರಾರು. ‘ಡಾಕ್ಟರ್ ಯಾವತ್ತೋ ಪರವಾಗಿಲ್ಲ ಅಂದಿದ್ದಾರೆ ಮೇಡಂ. ಇವಳು ಮಾತ್ರ ಬೇಡ ಅಂದಿದ್ದಾರೆ ಅಂತ ನನಗೆ ಸುಳ್ಳು ಹೇಳ್ಕೊಂಡು ಬಂದಿದಾಳೆ’ ಎಂದು ಗಂಡ ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಶುರು ಮಾಡಿದರು. ಹೆಂಡತಿ ಅಲ್ಲಗಳೆಯಲಿಲ್ಲ. ಇದೇ ಸಂಗತಿ ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಎದುರಾಗುತ್ತಿರುವುದರಿಂದ, ಗುರುತು ಸಿಗದಂತೆ ವಿವರ ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಬಸುರು. ಐದನೇ ತಿಂಗಳಲ್ಲಿ ಒಮ್ಮೆ ರಕ್ತ ಕಾಣಿಸಿಕೊಂಡಿತ್ತು. ಮಾಸು (ಪ್ಲಾಸೆಂಟಾ) ಕೆಳಭಾಗದಲ್ಲೇ ಅಂಟಿಕೊಂಡು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕೂತಿದೆ ಎಂದು ಸ್ಕ್ಯಾನ್‌ನಲ್ಲಿ ಗೊತ್ತಾಯಿತು. ಸಂಭೋಗ ಪೂರ್ತಿ ಬೇಡ ಎಂದರು ವೈದ್ಯರು. ಅಂಥ ಸ್ಥಿತಿಯಲ್ಲಿ ಅದು ಸರಿಯಾದ ಮಾತೇ, ಏಕೆಂದರೆ ಆ ಜಾಗಕ್ಕೆ ತಗಲಿದರೆ ಜೋರಾಗಿ ರಕ್ತ ಹೋಗಬಹುದು. ಗಂಡ ಚಕಾರ ಎತ್ತದೆ ಪಾಲಿಸಿದರು. ಗರ್ಭಕೋಶ ಹಿಗ್ಗಿದಂತೆಲ್ಲ ಹೀಗೆ ಕೆಳಗಿದ್ದ ಮಾಸು ಹೆಚ್ಚಿನವರಲ್ಲಿ ಬಾಯಿಯಿಂದ ದೂರ ಸರಿಯುತ್ತದೆ. 32ನೇ ವಾರದ ಸ್ಕ್ಯಾನ್‌ನಲ್ಲಿ ಇವರಿಗೂ ಸರಿದಿತ್ತು. ಅಂದು ಗಂಡನಿಗೆ ರಜೆ ಸಿಗದೆ ಆಕೆ ಒಬ್ಬರೇ ಹೋಗಿದ್ದರು. ಇನ್ನು ನಿರ್ಬಂಧ ಬೇಕಿಲ್ಲ ಎಂದು ವೈದ್ಯರು ಹೇಳಿ ಕಳಿಸಿದ್ದರು. ಮನೆಗೆ ಬಂದು ಆಕೆ ಹೇಳಿದ್ದು: ಎಲ್ಲ ಸರಿಯಾಗಿದೆಯಂತೆ, ಆದರೂ ಅದೊಂದು ಬೇಡವಂತೆ. ಮುಂದಿನ ತಪಾಸಣೆಗೆ ಇಬ್ಬರೂ ಒಟ್ಟಿಗೆ ಹೋದಾಗ ಗುಟ್ಟು ರಟ್ಟಾಯಿತು.

ಮೊದಲ ಭೇಟಿ ಬರೀ ಆ ಸುಳ್ಳಿನ ವಿಚಾರಣೆಯಲ್ಲೇ ಮುಗಿಯಿತು. ಎರಡನೆಯ ಸಲ ಮೊದಲು ಆಕೆಯೊಬ್ಬರನ್ನೇ ಒಳಗೆ ಕರೆದೆ. ಮನೆಯಲ್ಲಿ ಹೆದರಿಕೆ ಇದೆಯೇ, ಕೈ ಮಾಡಿದ್ದಾರೆಯೇ, ಬೇಡವೆಂದ ಮೇಲೂ ಬಲವಂತ ಮಾಡಿದ್ದಾರೆಯೇ ಎಂದು ನೇರವಾಗಿ ಕೇಳಿದೆ. ಬಸುರಿನ ಕಾಲದಲ್ಲೇ ಹೊಡೆತ ಬಡಿತ ಶುರುವಾಗುವ, ಇದ್ದದ್ದು ಹೆಚ್ಚಾಗುವ ಮನೆಗಳಿವೆ. ಹಾಗಿದ್ದರೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುವುದು ಅಪಾಯ. ‘ಇಲ್ಲ, ಅಂಥವರಲ್ಲ’ ಎಂದರು ಆಕೆ. ಆಮೇಲೆ ಗಂಡನನ್ನು ಕರೆದೆ.

ಆತ ಮತ್ತೆ ಅದೇ ಪ್ರಶ್ನೆ ಎತ್ತಿದರು. ‘ನನಗೆ ಬೇಡ ಅಂತ ನೇರವಾಗಿ ಹೇಳಬಹುದಿತ್ತಲ್ಲ?’

ಆಕೆ ಇದನ್ನು ಎಷ್ಟು ದಿನದಿಂದ ಒಳಗೇ ಇಟ್ಟುಕೊಂಡಿದ್ದರೋ, ಒಂದೇ ಉಸಿರಿಗೆ ಬಂತು. ‘ಹೇಳಿದೀನಿ. ನಾನು ಬೇಡ ಅಂದ್ರೆ ನೀವು ಯಾಕೆ ಅಂತ ಕೇಳ್ತೀರಿ. ಸುಸ್ತು ಅಂದ್ರೆ ಮಧ್ಯಾಹ್ನ ಮಲಗಬೇಕಿತ್ತು ಅಂತೀರಿ. ಸೊಂಟ ನೋವು ಅಂದ್ರೆ ಒತ್ತಿಕೊಡ್ತೀನಿ ಅಂತೀರಿ, ಒತ್ತೋ ಕೈ ಆಮೇಲೆ ಎಲ್ಲಿಗೆ ಹೋಗುತ್ತೆ ಅಂತ ನಂಗೊತ್ತು. ಡಾಕ್ಟರ್ ಬೇಡ ಅಂದ್ರೆ ಮಾತ್ರ ನೀವು ಇನ್ನೊಂದು ಮಾತು ಕೇಳಲ್ಲ.’

ಆತ ನನ್ನ ಮುಖ ನೋಡಿದರು. ನಾನು ಬಾಯಿ ಹಾಕಲಿಲ್ಲ.

ಆಕೆ ಮುಂದುವರಿಸಿದರು. ಗಂಡನ ಫೋನಿನ ಕ್ಯಾಲೆಂಡರಿನಲ್ಲಿ ಆ ಸ್ಕ್ಯಾನ್ ದಿನಕ್ಕೆ ಗುರುತು ಹಾಕಿ, ಪಕ್ಕದಲ್ಲೊಂದು ನಗುವ ಮುಖದ ಎಮೋಜಿ ಇಟ್ಟಿದ್ದು ಕಣ್ಣಿಗೆ ಬಿದ್ದಿತ್ತಂತೆ. ‘ಎಲ್ಲ ಸರಿಹೋಗಿದೆ ಅಂತ ಡಾಕ್ಟರ್ ಹೇಳಿದಾಗ ನಂಗೆ ಖುಷಿಯಾಗಬೇಕಿತ್ತು. ಆಗ ನೆನಪಾಗಿದ್ದು ಆ ನಗುವ ಮುಖ.’ ಗಂಡ ಗಾಬರಿಯಾದರು. ಅದು ಮಗುವನ್ನು ನೋಡುವ ಖುಷಿಗೆ ಹಾಕಿದ್ದು ಎಂದರು. ನಿಜವೇ ಇರಬಹುದು. ‘ಇರಬಹುದು ರೀ. ನಂಗೆ ಹಾಗೆ ಅನ್ನಿಸಲಿಲ್ಲ’ ಎಂದರು ಆಕೆ. ಆಮೇಲೆ ಹೊರಬಂದದ್ದು ಇನ್ನೊಂದು ವಿಷಯ: ಐದನೇ ತಿಂಗಳಲ್ಲಿ ರಕ್ತ ಕಂಡದ್ದು ಇಬ್ಬರೂ ಕೂಡಿದ ಮರುದಿನ ಬೆಳಿಗ್ಗೆ. ಗಂಡನಿಗೆ ಅದು ಮರೆತೇ ಹೋಗಿತ್ತು. ಆಕೆಗೆ ಪ್ರತಿ ರಾತ್ರಿ ನೆನಪಾಗುತ್ತಿತ್ತು. ಮಾಸು ಸರಿದರೂ ಹೆದರಿಕೆ ಸರಿದಿರಲಿಲ್ಲ.

ನಾನು ಗಂಡನಿಗೆ ಹೇಳಿದ್ದನ್ನು ಕೆಲವರು ಪಕ್ಷಪಾತ ಎನ್ನುತ್ತಾರೆ, ಅದಕ್ಕೇ ಬಿಡಿಸಿ ಬರೆಯುತ್ತೇನೆ. ವೈದ್ಯರು ಪರವಾಗಿಲ್ಲ ಎಂದರೆ ಮಗುವಿಗೂ ತಾಯಿಗೂ ಅಪಾಯವಿಲ್ಲ ಎಂದಷ್ಟೇ ಅರ್ಥ. ಆಕೆಗೆ ಮನಸ್ಸಿದೆ ಎಂದಲ್ಲ, ಆಕೆ ಒಪ್ಪಲೇಬೇಕು ಎಂದಂತೂ ಅಲ್ಲವೇ ಅಲ್ಲ. ಹೆರಿಗೆ ಆಗುವವರೆಗೆ ಸಂಭೋಗದ ಮಾತನ್ನು ನೀವಾಗಿ ಎತ್ತಬೇಡಿ, ಎತ್ತುವುದಿದ್ದರೆ ಆಕೆ ಎತ್ತಲಿ ಎಂದೆ. ಹಾಗೆಂದು ದೂರ ಮಲಗಬೇಡಿ. ಸೊಂಟ ಒತ್ತಿದರೆ ಸೊಂಟ ಒತ್ತಿಯೇ ನಿಲ್ಲಿಸಿ. ಮುಟ್ಟಿದ ಪ್ರತಿ ಸಲವೂ ಅದು ಬೇಡಿಕೆಯಾಗಿ ಮುಗಿಯುತ್ತದೆ ಎಂದಾದರೆ, ಮುಟ್ಟುವುದನ್ನೇ ಬೇಡ ಎನ್ನದೆ ಆಕೆಗೆ ದಾರಿಯಿರುವುದಿಲ್ಲ. ಇವರ ಮನೆಯಲ್ಲಿ ಆಗಿದ್ದೂ ಅದೇ, ಪಕ್ಕದಲ್ಲಿ ಕೂರುವುದೂ ನಿಂತುಹೋಗಿತ್ತು.

‘ಹಾಗಾದ್ರೆ ನಾನು ಅಷ್ಟು ಕೆಟ್ಟವನಾ?’ ಎಂದರು ಆತ. ಅಲ್ಲ. ತಿಂಗಳುಗಟ್ಟಲೆ ವೈದ್ಯರ ಮಾತು ಪಾಲಿಸಿದ ಮನುಷ್ಯ. ಅದೇ ಗೌರವ ಹೆಂಡತಿಯ ಮಾತಿಗೂ ಸಿಗಲಿ ಎಂದಷ್ಟೇ ನಾನು ಕೇಳಿದ್ದು.

ಆಕೆಗೂ ಒಂದು ಖಡಕ್ ಮಾತು ಹೇಳಿದೆ. ವೈದ್ಯರ ಹೆಸರಲ್ಲಿ ಸುಳ್ಳು ಹೇಳಬೇಡಿ. ನಾಳೆ ನಿಜವಾಗಿಯೂ ಅಪಾಯದ ಸೂಚನೆ ಬಂದಾಗ ಅದನ್ನೂ ನೆಪವೆಂದು ತಳ್ಳಿಹಾಕಿದರೆ ನಷ್ಟ ನಿಮಗೇ. ಆಕೆ ತಲೆಯಾಡಿಸಿದರು, ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಬೇಡ ಎಂದರೆ ಸಾಕಾಗುವ ಮನೆಯಾದರೆ ಈ ಸಲಹೆ ಪಾಲಿಸುವುದು ಸುಲಭ, ಅದು ನನಗೂ ಗೊತ್ತು.

ಇದನ್ನೋದಿ, ಹಾಗಾದರೆ ಬಸುರಿನಲ್ಲಿ ಬೇಡವೇನೋ ಎಂದುಕೊಳ್ಳಬೇಡಿ. ತೊಂದರೆಯಿಲ್ಲದ ಬಸುರಿನಲ್ಲಿ ಇಬ್ಬರಿಗೂ ಇಷ್ಟವಿದ್ದರೆ ಕೂಡುವುದರಿಂದ ಹಾನಿಯಿಲ್ಲ. ಮಗು ನೀರಿನ ಚೀಲದೊಳಗೆ, ಗರ್ಭಕೋಶದ ದಪ್ಪ ಸ್ನಾಯುವಿನ ಗೋಡೆಯ ಆಚೆ ಇರುತ್ತದೆ. ಗರ್ಭಕೋಶದ ಬಾಯಿ ಮುಚ್ಚಿದ್ದು, ಗಟ್ಟಿ ಲೋಳೆ ಅದನ್ನು ಬಿಗಿದಿರುತ್ತದೆ. ಸುಖದ ತುದಿಯಲ್ಲಿ ಹೊಟ್ಟೆ ಗಟ್ಟಿಯಾಗುವುದು ಸಹಜ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಗರ್ಭಪಾತಕ್ಕೆ ಕೂಡಿದ್ದೇ ಕಾರಣ ಎಂದು ಜೀವನವಿಡೀ ಕೊರಗುವವರನ್ನು ಕಂಡಿದ್ದೇನೆ. ಮೊದಲ ತಿಂಗಳುಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳಲ್ಲಿನ ದೋಷವೇ ಕಾರಣ, ಅದಕ್ಕೂ ಹಾಸಿಗೆಗೂ ಸಂಬಂಧವಿಲ್ಲ.

ರಕ್ತ ಹೋಗುತ್ತಿದ್ದರೆ, ನೀರು ಸೋರುತ್ತಿದ್ದರೆ, ಮಾಸು ಬಾಯಿಗೆ ಅಡ್ಡವಿದ್ದರೆ ನಿಲ್ಲಿಸಬೇಕು. ಗರ್ಭಕೊರಳು ಗಿಡ್ಡವಾಗಿದೆ, ಅದಕ್ಕೆ ಹೊಲಿಗೆ ಹಾಕಿದ್ದಾರೆ, ಅವಧಿಗೆ ಮೊದಲೇ ಹೆರಿಗೆಯಾಗುವ ಸಂಭವವಿದೆ ಎಂದಿದ್ದರೆ ವೈದ್ಯರನ್ನು ಕೇಳದೆ ಮುಂದುವರಿಯಬಾರದು. ಐದು ತಿಂಗಳು ದಾಟಿದ ಮೇಲೆ ಅಂಗಾತ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆಸುತ್ತು ಬರಬಹುದು, ಮಗ್ಗುಲಾಗಿ ಮಲಗುವುದು ವಾಸಿ. ಬಾಯಿಯಿಂದ ಯೋನಿಯೊಳಗೆ ಗಾಳಿ ಊದುವುದು ಜೀವಕ್ಕೇ ಅಪಾಯ, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಂಗಾತಿಗೆ ಲೈಂಗಿಕ ಸೋಂಕಿರುವ ಅನುಮಾನವಿದ್ದರೆ ಕಾಂಡೋಮ್ ಬೇಕೇ ಬೇಕು. ಸಿಫಿಲಿಸ್, ಎಚ್‌ಐವಿ ಮಗುವಿಗೂ ದಾಟುತ್ತವೆ.

ವೈದ್ಯರು ‘ಸ್ವಲ್ಪ ಜೋಪಾನ’ ಎಂದು ಬಿಟ್ಟರೆ ಅಲ್ಲಿಂದ ಏಳಬೇಡಿ. ಏನು ಬೇಡ, ಎಲ್ಲಿಯವರೆಗೆ ಬೇಡ, ಸಂಭೋಗ ಮಾತ್ರವೋ ಬೇರೆ ರೀತಿಯ ಸುಖವೂ ಬೇಡವೋ ಎಂದು ಇಬ್ಬರೂ ಎದುರಿಗಿದ್ದೇ ಕೇಳಿ. ಒಬ್ಬರೇ ಕೇಳಿಸಿಕೊಂಡು ಬಂದು ಇನ್ನೊಬ್ಬರಿಗೆ ಹೇಳುವ ವ್ಯವಸ್ಥೆಯಲ್ಲೇ ಇಂಥ ಗೊಂದಲ ಹುಟ್ಟುವುದು.

ಹೆರಿಗೆಯಾಗಿ ಆರು ವಾರದ ತಪಾಸಣೆ ಮುಗಿದ ಮೇಲೆ ಇವರು ಒಮ್ಮೆ ಬಂದಿದ್ದರು. ವೈದ್ಯರು ಪರವಾಗಿಲ್ಲ ಅಂದಿದ್ದಾರೆ ಎಂದು ಈ ಸಲ ಆಕೆಯೇ ಹೇಳಿದರು, ‘ಆದ್ರೆ ನಂಗೆ ಇನ್ನೂ ಬೇಡ’ ಎಂದೂ ಸೇರಿಸಿದರು. ಗಂಡನ ಮುಖ ಸಪ್ಪಗಾಯಿತು, ಯಾಕೆ ಎಂದು ಮಾತ್ರ ಕೇಳಲಿಲ್ಲ. ಹೊಲಿಗೆಯ ಜಾಗದಲ್ಲಿ ನೋವು ಹೋಗಿಲ್ಲವೆಂದು ಆಕೆ ನನಗೆ ಹೇಳಿದ್ದು ಆಮೇಲೆ. ಅದನ್ನು ತಡಮಾಡದೆ ವೈದ್ಯರಿಗೆ ತೋರಿಸಿ ಎಂದು ಕಳಿಸಿದೆ.